ಮೂರು ಸಲ ಹಬೆ ಕೊಟ್ಟರೂ ಕುಸ್ಕುಸ್ ಗಂಟು ಕಟ್ಟುತ್ತಿದೆ, ತಪ್ಪೆಲ್ಲಿ?

ಪ್ರಶ್ನೆ: ಹಬೆಪಾತ್ರೆ

ಕುಸ್ಕುಸ್ ಅಂದರೆ ಗೋಧಿರವೆ ಹೊಸೆದು ಮಾಡಿದ ಸಣ್ಣ ಕಾಳು. ಪ್ಯಾಕೆಟ್ಟಿನ ಹಿಂದೆ ಬರೆದಿರುವಂತೆ ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಡುವ ವಿಧಾನ ಬೇಡ. ಮೊರಾಕೋದಲ್ಲಿ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಮಾಡುವ ಹಾಗೆ, ಕೆಳಗೆ ಕುದಿಯುವ ಮಾಂಸದ ಸಾರಿನ ಹಬೆಯಲ್ಲೇ ಬೇಯಬೇಕು. 500 ಗ್ರಾಂ ಮಧ್ಯಮ ಕಾಳು ತೆಗೆದುಕೊಂಡು, ಮೊದಲೇ 400 ಮಿ.ಲೀ. ನೀರಲ್ಲಿ ನೆನೆಸಿ, 15 ನಿಮಿಷದಂತೆ ಮೂರು ಸುತ್ತು ಹಬೆ ಕೊಟ್ಟೆ. ತಳದ ಕಾಳು ಮುದ್ದೆಯಾಗುತ್ತಿದೆ, ಮೇಲಿನದು ಹಲ್ಲಿಗೆ ಗಟ್ಟಿ ಸಿಗುತ್ತಿದೆ. ಎರಡಂತಸ್ತಿನ ಕುಸ್ಕುಸ್ ಪಾತ್ರೆ ಇಲ್ಲ, ಸ್ಟೀಲಿನ ತೂತುಬುಟ್ಟಿಯನ್ನು ದೊಡ್ಡ ಪಾತ್ರೆಯ ಮೇಲೆ ಕೂರಿಸಿದ್ದು. ತರಕಾರಿಯದೂ ತೊಂದರೆಯೇ: ಸಿಹಿಗುಂಬಳ ಕರಗಿಹೋಗುತ್ತದೆ, ಟರ್ನಿಪ್ ಬೇಯುವುದೇ ಇಲ್ಲ.

ಉತ್ತರ: ಗೋಧಿಕಾಳು

ತಪ್ಪು ಎರಡಿವೆ, ಒಂದಕ್ಕೊಂದು ಸೇರಿಕೊಂಡಿವೆ.

ಮೊದಲನೆಯದು ನೀರು. ಒಂದೇ ಸಲ 400 ಮಿ.ಲೀ. ಸುರಿದರೆ ಕಾಳಿನ ಹೊರಮೈ ಪಿಷ್ಟ ನೆನೆದು ಮೆತ್ತಗಾಗುತ್ತದೆ, ಹಬೆ ತಗುಲಿದೊಡನೆ ಅದೇ ಅಂಟಾಗುತ್ತದೆ. ನೀರನ್ನು ಮೂರು ಕಂತಿನಲ್ಲಿ ಕೊಡಬೇಕು. ಮೊದಲು ಅಗಲವಾದ ತಟ್ಟೆಯಲ್ಲಿ ಒಣ ಕಾಳು ಹರಡಿ 2 ಚಮಚ ಎಣ್ಣೆ ಸವರಿ, ಎರಡು ಅಂಗೈಗಳ ನಡುವೆ ಉಜ್ಜುತ್ತ ಎಲ್ಲ ಕಾಳಿಗೂ ಹತ್ತಿಸಿ. ಆಮೇಲೆ ಸುಮಾರು 120 ಮಿ.ಲೀ. ತಣ್ಣೀರು ಚಿಮುಕಿಸಿ ಕಲಸಿ, ಹಬೆ ಕಾಳಿನ ಮೇಲ್ಭಾಗಕ್ಕೆ ಬಂದ ಕ್ಷಣದಿಂದ ಲೆಕ್ಕಹಾಕಿ 15 ನಿಮಿಷ. ತಟ್ಟೆಗೆ ಸುರಿದು, ಬಿಸಿ ಇರುವಾಗ ಮರದ ಸೌಟಿನಿಂದ ಬಿಡಿಸಿ, ಕೈಗೆ ತಾಳುವಷ್ಟಾದ ಮೇಲೆ ಗಂಟುಗಳನ್ನು ಬೆರಳಲ್ಲೇ ಒಡೆಯಿರಿ. ಒಂದು ಚಿಕ್ಕ ಚಮಚ ಉಪ್ಪು ಕರಗಿಸಿದ 200 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಐದು ನಿಮಿಷ ಬಿಟ್ಟು ಮತ್ತೆ 15 ನಿಮಿಷ. ಮೂರನೆಯ ಸುತ್ತಿಗೆ ಮುಂಚೆ 200ರಿಂದ 250 ಮಿ.ಲೀ. ಆಗ ಕಾಳು ಅರಳಿ ಮೂಲ ಗಾತ್ರದ ಎರಡು ಪಟ್ಟು ಮೀರಿರುತ್ತದೆ. ಕೊನೆಗೆ ಇಳಿಸಿ ಸ್ಮೆನ್ ಅಥವಾ ಬೆಣ್ಣೆ ಬೆರೆಸಿ. ಸ್ಮೆನ್ ಅಂದರೆ ಉಪ್ಪು ಹಾಕಿ ಹಳತು ಮಾಡಿದ ಬೆಣ್ಣೆ. ವಾಸನೆ ಘಾಟು, ಅರ್ಧ ಚಮಚ ಸಾಕು.

ಎರಡನೆಯದು ಸೋರಿಕೆ, ನಿಮ್ಮದರಲ್ಲಿ ಹೆಚ್ಚಿನ ಪಾಲು ಇದೇ. ಬುಟ್ಟಿ ಮತ್ತು ಪಾತ್ರೆ ಕೂಡುವಲ್ಲಿ ಸಂದು ಇದ್ದರೆ ಹಬೆ ಕಾಳಿನ ಮೂಲಕ ಏರದೆ ಪಕ್ಕದಿಂದ ಹೋಗಿಬಿಡುತ್ತದೆ. ಮೇಲಿನ ಕಾಳು ಗಟ್ಟಿ ಉಳಿಯುವುದು ಅದರಿಂದ. ಮೊರಾಕೋದಲ್ಲಿ ಇದಕ್ಕೆ ಉದ್ದ ಬಟ್ಟೆಪಟ್ಟಿಯನ್ನು ಹಿಟ್ಟುನೀರಲ್ಲಿ ಅದ್ದಿ ಕೂಡುವ ಜಾಗಕ್ಕೆ ಬಿಗಿಯಾಗಿ ಸುತ್ತುತ್ತಾರೆ, ಅದರ ಹೆಸರು ಕ್ಫಾಲ್. ಒದ್ದೆ ಬಟ್ಟೆ ಮಾತ್ರ ಸುತ್ತಿದರೆ ಒಣಗುತ್ತಲೇ ಸಡಿಲವಾಗುತ್ತದೆ. ಹಿಟ್ಟು ಬೆಂದು ಅಂಟಿಕೊಂಡರೆ ಕದಲುವುದಿಲ್ಲ. ಸಾರು ಕುದಿಯುವಾಗ ಬುಟ್ಟಿಯ ತಳಕ್ಕೆ ಸಿಡಿಯದಷ್ಟು ಅಂತರವೂ ಬೇಕು. ಪಾತ್ರೆಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಕಾಳನ್ನು ಒತ್ತಿ ತುಂಬಬಾರದು. ಒಂದು ಹಿಡಿ ಹಾಕಿ, ಅದರಿಂದ ಹಬೆ ಹೊರಬಂದ ಮೇಲೆ ಉಳಿದದ್ದನ್ನು ಸಡಿಲವಾಗಿ ಸುರಿಯಿರಿ. ಮುಚ್ಚಳ ಬೇಡ, ಅದರ ಒಳಮೈಯಿಂದ ತೊಟ್ಟಿಕ್ಕುವ ನೀರೇ ಗಂಟಿಗೆ ಮೂಲ.

ಉತ್ತರ: ಸಾರಿನಮನೆ

ಕಾಳಿನ ಮಾತು ಮೇಲೆ ಪೂರ್ತಿ ಬಂದಿದೆ, ತರಕಾರಿಗೆ ಬರೋಣ. ಮೂರು ಸುತ್ತಿನ ಹಬೆಯೇ ಗಡಿಯಾರ, ಅಡುಗೆಯವರು ಬೇರೆ ಸಮಯ ನೋಡುವುದಿಲ್ಲ.

ಕಾಳು ಮೇಲೇರುವ ಮುಂಚೆಯೇ ಮೂಳೆಸಹಿತ 700 ಗ್ರಾಂ ಕುರಿಮಾಂಸ, ಹೆಚ್ಚಿದ 2 ಈರುಳ್ಳಿ, ಎಣ್ಣೆ, ತಲಾ ಒಂದು ಚಿಕ್ಕ ಚಮಚ ಒಣಶುಂಠಿ ಮತ್ತು ಕರಿಮೆಣಸಿನ ಪುಡಿ, ಅರ್ಧ ಚಮಚ ಅರಿಶಿನ, ಚಿಟಿಕೆ ಕೇಸರಿ, ದಾರದಲ್ಲಿ ಕಟ್ಟಿದ ಕೊತ್ತಂಬರಿ ಮತ್ತು ಪಾರ್ಸ್ಲಿ ಕಟ್ಟು. ಹತ್ತು ನಿಮಿಷ ಹುರಿದು ಎರಡೂವರೆ ಲೀಟರ್ ನೀರು. ರಾತ್ರಿ ನೆನೆಸಿದ ಬಿಳಿ ಕಡಲೆಯನ್ನೂ ಈಗಲೇ ಹಾಕಿ. ಟೊಮೆಟೊ ಮಾತ್ರ ಕಡಲೆ ಮೆತ್ತಗಾದ ಮೇಲೆ, ಹುಳಿ ಬಿದ್ದರೆ ಕಡಲೆ ಬೇಯಲು ಮೊಂಡು ಮಾಡುತ್ತದೆ. ಮಾಂಸ ಮುಕ್ಕಾಲು ಬೆಂದ ಮೇಲೆ ಮೊದಲ ಹಬೆ.

ಮೊದಲ ಸುತ್ತು ಇಳಿಸಿದಾಗ ಕ್ಯಾರೆಟ್, ಟರ್ನಿಪ್, ಎಲೆಕೋಸಿನ ದೊಡ್ಡ ಹೋಳು. ಎರಡನೆಯದು ಇಳಿಸಿದಾಗ ಸಿಹಿಗುಂಬಳ, ಜುಕಿನಿ. ಕುಂಬಳದ ಸಿಪ್ಪೆ ತೆಗೆಯಬೇಡಿ, ಹೋಳು ಅಂಗೈಯಷ್ಟಿರಲಿ. ಸಣ್ಣಗೆ ಹೆಚ್ಚಿದ್ದರಿಂದಲೇ ನಿಮ್ಮದು ಕರಗಿರಬೇಕು. ಏಳು ತರಕಾರಿ ಎನ್ನುವ ರೂಢಿ ಇದ್ದರೂ ಯಾವ ಏಳು ಎಂಬುದನ್ನು ಆ ಋತುವೇ ಹೇಳುತ್ತದೆ.

ಬಡಿಸುವಾಗ ಕಾಳನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಮಾಂಸ ಇಟ್ಟು, ತರಕಾರಿಯನ್ನು ಸುತ್ತ ಒರಗಿಸುವುದು. ಮೇಲೆ ಒಂದೆರಡು ಸೌಟು ಸಾರು ಸಾಕು, ಉಳಿದದ್ದು ಬೇರೆ ಬಟ್ಟಲಲ್ಲಿ. ಈ ಹಂತದಲ್ಲಿ ಸಾರು ಧಾರಾಳವಾದರೆ ಮೂರು ಸುತ್ತಿನ ಶ್ರಮ ಎರಡು ನಿಮಿಷದಲ್ಲಿ ಗಂಜಿಯಾಗುತ್ತದೆ.

ಉತ್ತರ: ಒಣಬೀಸು

ಇಷ್ಟೂ ಹೇಳಿರುವುದು ಮೊರಾಕೋದ ರೀತಿ. ತುನೀಸಿಯಾದಲ್ಲಿ ಸಾರಿಗೆ ಟೊಮೆಟೊ ಪೇಸ್ಟು, ಹರಿಸ್ಸಾ (ಖಾರದ ಮೆಣಸಿನಕಾಯಿ ಚಟ್ನಿ) ಬೀಳುತ್ತದೆ, ಕರಾವಳಿಯಲ್ಲಿ ಮಾಂಸದ ಬದಲು ಮೀನು. ಮೀನಾದರೆ ಕೊನೆಯ ಸುತ್ತಿನಲ್ಲೇ ಸಾರಿಗೆ ಇಳಿಸಬೇಕು. ಅಲ್ಜೀರಿಯಾದ ಕಬಿಲಿಯಾದಲ್ಲಿ ಅಮೆಕ್ಫುಲ್ ಎಂಬುದಿದೆ: ಬಟಾಣಿ, ಬೀನ್ಸ್, ಕ್ಯಾರೆಟ್ಟನ್ನೂ ಹಬೆಯಲ್ಲೇ ಬೇಯಿಸಿ ಕಾಳಿಗೆ ಬೆರೆಸಿ ಆಲಿವ್ ಎಣ್ಣೆ ಸುರಿಯುವುದು, ಸಾರೇ ಇಲ್ಲ. ನನ್ನ ಲೆಕ್ಕದಲ್ಲಿ ಕಾಳು ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ, ಮುಚ್ಚಿಹಾಕಲು ಏನೂ ಇರುವುದಿಲ್ಲವಲ್ಲ. ಅಲ್ಜೀರಿಯಾದ ಹಲವೆಡೆ ಕುಸ್ಕುಸ್‌ಗೆ ತಆಮ್, ಅಂದರೆ 'ಆಹಾರ' ಎಂದೇ ಹೆಸರು. 2020ರಲ್ಲಿ ಕುಸ್ಕುಸ್ಸನ್ನು ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಅಲ್ಜೀರಿಯಾ, ಮೊರಾಕೋ, ತುನೀಸಿಯಾ, ಮಾರಿಟೇನಿಯಾ ನಾಲ್ಕೂ ಜಂಟಿಯಾಗಿ ಸೇರಿಸಿದ್ದು ಇದೇ ಕಾರಣಕ್ಕೆ ಸರಿ, ಇದು ಒಂದು ದೇಶದ ಸೊತ್ತಲ್ಲ.

ಬಾರ್ಲಿ ಕಾಳಿನದನ್ನು ಮೊರಾಕೋದಲ್ಲಿ ಬೆಲ್ಬೂಲಾ ಎನ್ನುತ್ತಾರೆ. ಅದು ಗೋಧಿಗಿಂತ ಹೆಚ್ಚು ನೀರು ಕೇಳುತ್ತದೆ. ಬೇಯಿಸಿ ತಣಿಸಿ ಮಜ್ಜಿಗೆ ಬೆರೆಸಿದರೆ ಸೈಕೂಕ್, ಬೇಸಿಗೆಯ ತಿನಿಸು.

ಹಬೆಪಾತ್ರೆ

ಬಟ್ಟೆಪಟ್ಟಿಯೂ ಎಣ್ಣೆಯೂ ಇರಲಿಲ್ಲ, ಎರಡೂ ಸರಿಮಾಡುತ್ತೇನೆ. ಕಾಳನ್ನು ಕೈಯಲ್ಲೇ ಹೊಸೆಯುವುದಾದರೆ ಯಾವ ರವೆ?

ಉತ್ತರ: ಗೋಧಿಕಾಳು

ಡ್ಯೂರಮ್ ಎಂಬ ಗಟ್ಟಿ ಜಾತಿಯ ಗೋಧಿಯದೇ ಆಗಬೇಕು, ಬೇರೆ ಗೋಧಿಯ ರವೆ ಹಬೆಗೆ ಮೆತ್ತಗಾಗಿ ಕುಸಿಯುತ್ತದೆ. 500 ಗ್ರಾಂ ದಪ್ಪ ರವೆ, 150 ಗ್ರಾಂ ಅದರದೇ ನುಣುಪು ಹಿಟ್ಟು, ಉಪ್ಪುನೀರು. ಗ್ಸಾ ಎಂಬ ಅಗಲ ಮರದ ಅಥವಾ ಮಣ್ಣಿನ ಹರಿವಾಣದಲ್ಲಿ ರವೆ ಹರಡಿ, ನೀರು ಚಿಮುಕಿಸಿ, ಬೆರಳು ಬಿಡಿಸಿದ ಅಂಗೈಯನ್ನು ಹಗುರವಾಗಿ ವೃತ್ತಾಕಾರ ಆಡಿಸಿ. ಕಾಳು ಕಟ್ಟತೊಡಗಿದಾಗ ಹಿಟ್ಟು ಉದುರಿಸಿ, ಮತ್ತೆ ನೀರು, ಮತ್ತೆ ಹಿಟ್ಟು. ನೀರು ಒಂದೇ ಕಡೆ ಬಿದ್ದರೆ ಅಲ್ಲಿ ಕಣಕವಾಗುತ್ತದೆ, ಅದನ್ನು ತೆಗೆದುಬಿಡಿ. ಜರಡಿ ಹಿಡಿದಾಗ ಕೆಳಗೆ ಬಿದ್ದ ಪುಡಿ ಮತ್ತೆ ಹೊಸೆಯಲು. ತೀರ ದಪ್ಪ ಕಾಳನ್ನು ಬೇರೆ ಎತ್ತಿಡಿ, ಸಾರಿಗೇ ಹಾಕಿ ಬೇಯಿಸಿದರೆ ಬೆರ್ಕೂಕೆಸ್. ತಕ್ಷಣ ಬೇಯಿಸುವ ಹಸಿ ಕಾಳಿಗೆ ಮೊದಲ ಸುತ್ತಿನ 120 ಮಿ.ಲೀ. ನೀರು ಬೇಕಿಲ್ಲ, ಎಣ್ಣೆ ಸಾಕು. ಕೂಡಿಡುವುದಾದರೆ ಒಂದು ಸುತ್ತು ಹಬೆ ಕೊಟ್ಟು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಒಳಗೆ ತೇವ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.