ಸಹಾಯ ಬೇಕು: ಚಾರ್ಜರ್ ಸಿಕ್ಕಿಸಿದೊಡನೆ ಕರ್ಸರ್ ನೆಗೆದಾಡುತ್ತದೆ

ಎಲ್ಲರಿಗೂ ನಮಸ್ಕಾರ. ತಿಪಟೂರಿನ ನನ್ನ ಡಿಟಿಪಿ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಬಳಸಿ ಅರ್ಜಿ ಟೈಪ್ ಮಾಡುವಾಗ ಕರ್ಸರ್ ಇದ್ದಕ್ಕಿದ್ದಂತೆ ಮೇಲಿನ ಸಾಲಿಗೆ ನೆಗೆದು, ಸರ್ವೆ ನಂಬರಿನ ಅಂಕಿಗಳು ಅರ್ಜಿದಾರರ ಹೆಸರಿನ ನಡುವೆ ಸೇರಿಕೊಳ್ಳುತ್ತಿವೆ. ಮೇಜಿನ ಗಾಜು ಆಪ್ಟಿಕಲ್ ಮೌಸ್‌ಗೆ ಆಗಿಬರುವುದಿಲ್ಲವೆಂದು ಪ್ಯಾಡ್ ಹಾಸಿದೆ, ಯುಎಸ್‌ಬಿ 3.0 ಪೆನ್‌ಡ್ರೈವ್ ಪಕ್ಕದಲ್ಲಿರುವ ಮೌಸಿನ ವೈರ್‌ಲೆಸ್ ರಿಸೀವರಿನ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿಪಡಿಸಬಹುದೆಂದು ಅದನ್ನೂ ತೆಗೆದೆ. ಕೊನೆಗೆ ಮೌಸನ್ನೇ ಬಿಚ್ಚಿಟ್ಟರೂ ನೆಗೆತ ನಿಲ್ಲಲಿಲ್ಲ. ಹಾಗಾಗಿ ಟಚ್‌ಪ್ಯಾಡ್ ಮೇಲೆ ನನ್ನ ಅನುಮಾನ.

ಬ್ಯಾಟರಿಯಲ್ಲಿ ನಡೆಸಿದರೆ ತೊಂದರೆಯೇ ಇಲ್ಲ. ಚಾರ್ಜರ್ ಸಿಕ್ಕಿಸಿದೊಡನೆ ಲೋಹದ ಅಂಚು ಮುಟ್ಟಿದ ಬೆರಳು ಸಣ್ಣಗೆ ಜುಮ್ಮೆನ್ನುತ್ತದೆ, ಕರ್ಸರ್ ನಡುಗುತ್ತದೆ. ಇದು ಹಳೆಯ ಎಕ್ಸ್‌ಟೆನ್ಷನ್ ಬೋರ್ಡಿನ ಅರ್ಥಿಂಗ್ ದೋಷವೋ, ಈಚೆಗೆ ಕೊಂಡ ಅಗ್ಗದ ಚಾರ್ಜರಿನದೋ? ಟಚ್‌ಪ್ಯಾಡ್ ಆಫ್ ಮಾಡಿ ಕೆಲಸ ಸಾಗಿಸಬಹುದು, ಆದರೆ ಆ ಜುಮ್ಮು ಹಾಗೆಯೇ ಉಳಿಯುತ್ತದಲ್ಲವೇ? ಮೊದಲು ಏನನ್ನು ಪರೀಕ್ಷಿಸಬೇಕೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.