ಪುಟ್ಟಿಗೆ ಬಂದಿರುವ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು

ಅಕ್ಕಾ, ನಿನ್ನೆ ರಾತ್ರಿಯಿಂದ ಗ್ರೂಪಿನಲ್ಲಿ ಬಂದಿರುವ ಮೆಸೇಜ್‌ಗಳನ್ನೆಲ್ಲಾ ಈಗ ಕೂತು ಕೇಳಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳು. ಭಾವನಿಗೂ ಕೇಳಿಸು. ಪುಟ್ಟಿ, ನೀನಂತೂ ಕೇಳಲೇಬೇಕು.

ನನಗೆ ಗೊತ್ತಾಗಿರುವುದು ಇಷ್ಟು. ಇಂಗ್ಲೆಂಡಿನಲ್ಲಿ ಪುಟ್ಟಿಯ ಎಂ.ಎಸ್ಸಿ. 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾ ಸಿಕ್ಕಿದೆ, ಕೆಲಸಕ್ಕೆ ಸೇರಿದ್ದಾಳೆ. ಎರಡು ಬೆಡ್‌ರೂಮಿನ ಅದೇ ಹಳೇ ಬಾಡಿಗೆ ಮನೆಯಲ್ಲೇ ಇದ್ದಾಳೆ. ಜೊತೆಗಿರುವ ತೆಲುಗು ಹುಡುಗಿ ಇನ್ನೂ ಪಿಎಚ್.ಡಿ. ಮಾಡುತ್ತಿದ್ದಾಳೆ. ಅಗ್ರಿಮೆಂಟ್ ಇಬ್ಬರ ಹೆಸರಿನಲ್ಲೂ ಒಟ್ಟಿಗೇ ಇದೆ. ಹೋದ ವರ್ಷ ಪೂರ್ತಿ ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆಯ ಸುದ್ದಿಯೇ ಇರಲಿಲ್ಲ. ಈಗ ಇಡೀ ಮನೆಯ ಬಿಲ್ಲು ಪುಟ್ಟಿ ಒಬ್ಬಳ ಹೆಸರಿಗೆ ಬಂದಿದೆ. ಇಬ್ಬರು ಇರುವ ಮನೆಗೆ ಒಬ್ಬಳೇ ಯಾಕೆ ಕಟ್ಟಬೇಕು, ಆ ಹುಡುಗಿಯಿಂದ ಅರ್ಧ ಇಸಕೊಳ್ಳಲಿ ಅಂತ ಭಾವ ಹೇಳುತ್ತಿದ್ದಾರೆ.

ಮೊದಲು ಕಹಿ ಮಾತನ್ನೇ ಹೇಳಿಬಿಡುತ್ತೇನೆ. ಆ ಬಿಲ್ಲು ಪುಟ್ಟಿಯದೇ. ಕೌನ್ಸಿಲ್ ಆ ಹುಡುಗಿಯನ್ನು ಒಂದು ಪೌಂಡೂ ಕೇಳುವ ಹಾಗಿಲ್ಲ. ಆದರೆ ಬಿಲ್ಲಿನಲ್ಲಿ ಹಾಕಿರುವ ಅಷ್ಟೂ ದುಡ್ಡು ಪುಟ್ಟಿ ಕಟ್ಟಬೇಕಾದ್ದಲ್ಲ. ಜಗಳ ಆಡಬೇಕಾದ್ದು ಹುಡುಗಿಯ ಹತ್ತಿರ ಅಲ್ಲ, ಸರಿಮಾಡಿಸಬೇಕಾದ್ದು ಬಿಲ್ಲನ್ನು.

ಭಾವನಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ನಮ್ಮ ಊರಿನಲ್ಲಿ ಮನೆ ಕಂದಾಯ ಓನರ್ ಕಟ್ಟುತ್ತಾರೆ, ಬಾಡಿಗೆಯವರಿಗೆ ಅದರ ಗೊಡವೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. 1993ರಲ್ಲಿ ಈ ಕೌನ್ಸಿಲ್ ಟ್ಯಾಕ್ಸ್ ಬಂತು. ಅಲ್ಲಿ ವಾಸ ಇರುವವರೇ ಇದನ್ನು ಕಟ್ಟಬೇಕು. ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರಿದ್ದರೆ ಸಾಮಾನ್ಯವಾಗಿ ಇಬ್ಬರೂ ಹೊಣೆ. ಆದರೆ ಅದರಲ್ಲಿ ಒಬ್ಬರು ಫುಲ್‌ಟೈಮ್ ಓದುತ್ತಿದ್ದು, ಇನ್ನೊಬ್ಬರು ಓದುತ್ತಿಲ್ಲ ಅಂದರೆ, ಓದುತ್ತಿರುವವರನ್ನು ಆ ಹೊಣೆಯಿಂದ ತೆಗೆದುಬಿಡುತ್ತಾರೆ. 2003ರಲ್ಲಿ ಕಾನೂನು ತಿದ್ದಿ ಹೀಗೆ ಮಾಡಿದರು. ಅದಕ್ಕೇ ಪುಟ್ಟಿಯ ಹೆಸರು ಮಾತ್ರ ಉಳಿಯುತ್ತದೆ. ಹೋದ ವರ್ಷ ಇಬ್ಬರೂ ವಿದ್ಯಾರ್ಥಿಗಳು, ಹಾಗಾಗಿ ಇಡೀ ಮನೆಗೇ ಮಾಫಿ ಇತ್ತು. ಮನೆಯಲ್ಲಿ ಓದದವರು ಒಬ್ಬರಾದರೂ ಇದ್ದರೆ ಆ ಮಾಫಿ ಹೋಗುತ್ತದೆ.

ಈಗ ಬಿಲ್ಲಿಗೆ ಬರುತ್ತೇನೆ. ಪುಟ್ಟಿ, ನೀನು ಹಾಕಿರುವ ಫೋಟೋ ದೊಡ್ಡದು ಮಾಡಿ ನೋಡಿದೆ. ನಗರ ಕೌನ್ಸಿಲ್ ಪಾಲು, ಪೊಲೀಸ್ ಪಾಲು, ಅಗ್ನಿಶಾಮಕದ ಪಾಲು ಅಂತ ಸಾಲುಗಳಿವೆ, ಕೆಳಗೆ ಮೊತ್ತ ಇದೆ. ಡಿಸ್ಕೌಂಟ್ ಅನ್ನುವ ಸಾಲೇ ಇಲ್ಲ! ಅದು ಇರಬೇಕಿತ್ತು. ಕೌನ್ಸಿಲ್ ಮನೆಯಲ್ಲಿ ಎಷ್ಟು ದೊಡ್ಡವರಿದ್ದಾರೆ ಅಂತ ಲೆಕ್ಕ ಹಾಕುವಾಗ ಫುಲ್‌ಟೈಮ್ ವಿದ್ಯಾರ್ಥಿಗಳನ್ನು ಎಣಿಸುವುದಿಲ್ಲ. ಅಂದರೆ ಅವರ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿ ಇರುವುದು ನೀನೊಬ್ಬಳೇ. ಒಬ್ಬರೇ ಇರುವ ಮನೆಗೆ 25% ಕಡಿಮೆ. ಇದು ಅವರು ಕೊಡುವ ಕೃಪೆ ಅಲ್ಲ, ನಿನ್ನ ಹಕ್ಕು. ಆ ಹುಡುಗಿ ವಿದ್ಯಾರ್ಥಿ ಅಂತ ಯೂನಿವರ್ಸಿಟಿ ಕೊಡುವ ಈ ವರ್ಷದ ಸರ್ಟಿಫಿಕೇಟ್ ಕೌನ್ಸಿಲ್‌ಗೆ ತಲುಪಿಲ್ಲ ಅಂತ ಕಾಣುತ್ತದೆ. ಅವಳ ಹತ್ತಿರ ದುಡ್ಡು ಕೇಳಬೇಡ, ಆ ಸರ್ಟಿಫಿಕೇಟ್ ಕೇಳು. ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ಕೌನ್ಸಿಲ್ ಟ್ಯಾಕ್ಸಿಗೆ ಅಂತಲೇ ಒಂದು ಪತ್ರ ಸಿಗುತ್ತದೆ. ಅದನ್ನು ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಕಿದರೆ ಆಯಿತು.

ಇನ್ನೊಂದು, ತಾರೀಖು. ಬಿಲ್ಲಿನಲ್ಲಿ ಸೆಪ್ಟೆಂಬರ್ 1ರಿಂದ ಅಂತ ಇದೆ. ನಿನ್ನ ಕೋರ್ಸ್ ಮುಗಿದಿದ್ದು ಸೆಪ್ಟೆಂಬರ್ 30ಕ್ಕೆ. ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟ ದಿನ ಅಲ್ಲ, ಗ್ರಾಜುಯೇಷನ್ ದಿನವೂ ಅಲ್ಲ, ಯೂನಿವರ್ಸಿಟಿ ಪತ್ರದಲ್ಲಿ ಕೋರ್ಸ್ ಮುಗಿಯುವ ತಾರೀಖು ಅಂತ ಏನಿದೆಯೋ ಅದು ಮುಖ್ಯ. ಈ ತೆರಿಗೆಯನ್ನು ದಿನದ ಲೆಕ್ಕದಲ್ಲೇ ಹಾಕುತ್ತಾರೆ. ಹಾಗಾಗಿ ಅಕ್ಟೋಬರ್ 1ರಿಂದ ಶುರುವಾಗಬೇಕು. ಆ ಪತ್ರ ಕಳಿಸಿ ತಿದ್ದಿಸು.

ಅಕ್ಕಾ, ನಿನಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ. 2025-26ಕ್ಕೆ ಇಂಗ್ಲೆಂಡಿನಲ್ಲಿ ಬ್ಯಾಂಡ್ ಡಿ, ಅಂದರೆ ಡಿ ದರ್ಜೆಯ ಮನೆಯ ಸರಾಸರಿ ತೆರಿಗೆ ವರ್ಷಕ್ಕೆ 2,280 ಪೌಂಡ್. ಮನೆಗೆ 1991ರಲ್ಲಿ ಎಷ್ಟು ಬೆಲೆ ಬಾಳುತ್ತಿತ್ತು ಅನ್ನುವುದರ ಮೇಲೆ ಬ್ಯಾಂಡ್ ಹಾಕಿರುತ್ತಾರೆ. ಪುಟ್ಟಿಯ ಮನೆ ಬ್ಯಾಂಡ್ ಎ, ಅಂದರೆ ಡಿಯ ಮೂರರಲ್ಲಿ ಎರಡು ಪಾಲು. ಆ ಸರಾಸರಿ ಹಿಡಿದರೆ 1,520 ಪೌಂಡ್. 25% ಕಳೆದರೆ 1,140. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ, ಸುಮಾರು 568 ಪೌಂಡ್ ಆಗುತ್ತದೆ. ಡಿಸ್ಕೌಂಟ್ ಇಲ್ಲದೆ ಅಷ್ಟೇ ದಿನಕ್ಕೆ 758. ಅವಳ ಊರಿನ ದರ ಸ್ವಲ್ಪ ಆಚೀಚೆ ಇರುತ್ತದೆ, ಆದರೆ ಒಂದು ಸರ್ಟಿಫಿಕೇಟ್‌ನಿಂದ ಎಷ್ಟು ಉಳಿಯುತ್ತದೆ ನೋಡು.

ಗ್ರೂಪಿನಲ್ಲಿ ಯಾರೋ ಹೇಳಿದರು, ಸ್ಟೂಡೆಂಟ್ ವೀಸಾ ಕೋರ್ಸ್ ಮುಗಿದ ಮೇಲೂ ನಾಲ್ಕು ತಿಂಗಳು ಇರುತ್ತದಲ್ಲ, ಅಲ್ಲಿಯವರೆಗೆ ವಿದ್ಯಾರ್ಥಿ ಅಂತಲೇ ಹೇಳಬಹುದು ಅಂತ. ಇಲ್ಲ. ವೀಸಾ ಲೆಕ್ಕ ಬೇರೆ, ತೆರಿಗೆ ಲೆಕ್ಕ ಬೇರೆ. ಇಲ್ಲಿ ವಿದ್ಯಾರ್ಥಿ ಅನ್ನಿಸಿಕೊಳ್ಳಬೇಕಾದರೆ ಕೋರ್ಸ್ ನಡೆಯುತ್ತಿರಬೇಕು. ಮಾಫಿ ತಪ್ಪಿದ ಮೇಲೆ 21 ದಿನದೊಳಗೆ ಕೌನ್ಸಿಲ್‌ಗೆ ತಿಳಿಸಬೇಕು ಅಂತ ನಿಯಮ ಇದೆ. ತಿಳಿಸದಿದ್ದರೆ 70 ಪೌಂಡ್ ದಂಡ ಹಾಕಬಹುದು. ಹೊಸದಾಗಿ ಕೆಲಸಕ್ಕೆ ಸೇರಿ, ಮುಂದೆ ವೀಸಾ ಬದಲಾಯಿಸಿಕೊಳ್ಳಬೇಕಾದ ಹುಡುಗಿ ಇಂಥದ್ದಕ್ಕೆಲ್ಲಾ ಸುಳ್ಳು ಬರೆದುಕೊಡುವುದು ಬೇಡವೇ ಬೇಡ.

ಇದನ್ನು ಮಾತ್ರ ಗಮನ ಇಟ್ಟು ಕೇಳು ಪುಟ್ಟಿ. ಫಾರಂ ಹುಡುಕುವಾಗ ನಿನಗೆ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಅಂತ ಒಂದು ಕಾಣಿಸುತ್ತದೆ. ಕೆಲವು ಕಡೆ ಸಪೋರ್ಟ್ ಅಂತಲೂ ಕರೆಯುತ್ತಾರೆ. ಸಂಬಳ ಕಡಿಮೆ ಇರುವವರಿಗೆ ಅದು. ಅದನ್ನು ತುಂಬಬೇಡ. ನಿನ್ನ ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವು, ತೆಗೆದುಕೊಳ್ಳಬಾರದು ಅಂತ ಷರತ್ತು ಇದೆ, ಆ ರಿಡಕ್ಷನ್ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುತ್ತದೆ. 25% ಡಿಸ್ಕೌಂಟ್ ಹಾಗಲ್ಲ, ಅದನ್ನು ಧೈರ್ಯವಾಗಿ ಕೇಳಬಹುದು. ಎರಡೂ ಹೆಸರು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಫಾರಂ ಕಳಿಸುವ ಮುಂಚೆ ಮೇಲಿನ ಸಾಲು ಎರಡು ಸಲ ಓದು.

ಇನ್ನು ಅರ್ಧ ಅರ್ಧದ ಮಾತು. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಆ ಹುಡುಗಿ ಒಬ್ಬಳೇ ಆ ಮನೆಯಲ್ಲಿ ಇದ್ದಿದ್ದರೆ ಬಿಲ್ಲೇ ಬರುತ್ತಿರಲಿಲ್ಲ. ಪುಟ್ಟಿಗೆ ಈಗ ಸಂಬಳ ಬರುತ್ತಿದೆ, ಅವಳು ಸ್ಟೈಪೆಂಡಿನಲ್ಲಿ ದಿನ ತಳ್ಳುತ್ತಿದ್ದಾಳೆ. ಪುಟ್ಟಿಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟಿದ್ದು ಅದೇ ಹುಡುಗಿ ಅಂತ ಅಕ್ಕನೇ ಹೇಳಿದ್ದಳು. ಅವಳಾಗೇ ಸ್ವಲ್ಪ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಲಿ, ಅದು ಅವರಿಬ್ಬರ ನಡುವಿನ ಮಾತು. ಆದರೆ ಕಾನೂನು ಹೇಳುತ್ತದೆ ಅಂತ ಹೆದರಿಸಿ ಕೇಳುವುದು ಸರಿಯಲ್ಲ, ಯಾಕೆಂದರೆ ಕಾನೂನು ಹಾಗೆ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಪುಟ್ಟಿಯೇ ಕಟ್ಟಲಿ. ಮುಂದಿನ ಸಲ ಅಗ್ರಿಮೆಂಟ್ ಹೊಸದು ಮಾಡುವಾಗ ಬಾಡಿಗೆ, ಕರೆಂಟು, ಇಂಟರ್ನೆಟ್ ಹೇಗೆ ಹಂಚಿಕೊಳ್ಳುವುದು ಅಂತ ಮೊದಲೇ ಮಾತಾಡಿಕೊಳ್ಳಲಿ. ಹಾಂ, ಕೆಲಸಕ್ಕೆ ಹೋಗುವ ಇನ್ನೊಬ್ಬರು ಮನೆಗೆ ಬಂದು ಸೇರಿದರೆ ಆ 25% ಹೋಗುತ್ತದೆ, ಅದೂ ನೆನಪಿರಲಿ.

ದೊಡ್ಡಮ್ಮ ತಮ್ಮ ಮಗ ಸೊಸೆಯ ವಿಷಯ ಕೇಳಿದ್ದರು. ಅವನು ಪಿಎಚ್.ಡಿ., ಅವಳು ಡಿಪೆಂಡೆಂಟ್ ವೀಸಾದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವರದು ಬೇರೆ ಕಥೆ ದೊಡ್ಡಮ್ಮಾ. ವಿದ್ಯಾರ್ಥಿಯ ಹೆಂಡತಿ ಅಥವಾ ಗಂಡ ಬ್ರಿಟಿಷ್ ಪ್ರಜೆ ಅಲ್ಲದಿದ್ದು, ವೀಸಾದ ಮೇಲೆ ಬೆನಿಫಿಟ್ ತೆಗೆದುಕೊಳ್ಳಬಾರದು ಅಂತ ಇದ್ದರೆ, ಕೆಲಸ ಮಾಡುತ್ತಿದ್ದರೂ ಅವರನ್ನು ಎಣಿಸುವುದಿಲ್ಲ. ಇಡೀ ಮನೆಗೆ ಮಾಫಿ ಸಿಗಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲದೆ ಸುಮ್ನೆ ಕಟ್ಟುತ್ತಿರುತ್ತಾರೆ. ಅವನಿಗೆ ಹೇಳಿ, ಇಬ್ಬರ ವೀಸಾ ದಾಖಲೆ ಮತ್ತು ಅವನ ಸರ್ಟಿಫಿಕೇಟ್ ಸೇರಿಸಿ ಕೌನ್ಸಿಲ್‌ಗೆ ಬರೆಯಲಿ.

ಮೂರು ನಾಲ್ಕು ಜನ ಒಂದೇ ಮನೆಯಲ್ಲಿ, ಒಬ್ಬೊಬ್ಬರಿಗೆ ಒಂದೊಂದು ರೂಮಿನ ಅಗ್ರಿಮೆಂಟ್ ಅಂತ ಇದ್ದರೆ ಸಾಮಾನ್ಯವಾಗಿ ಹೊಣೆ ಓನರ್‌ದು. ಗ್ರೂಪಿನ ಹುಡುಗರು ಯಾರಾದರೂ ಹಾಗೆ ಇದ್ದರೆ, ನಮ್ಮ ಮನೆ ನಿಮ್ಮ ಪಟ್ಟಿಯಲ್ಲಿ ಎಚ್.ಎಂ.ಓ. (ಬೇರೆ ಬೇರೆಯವರು ಹಂಚಿಕೊಂಡು ಇರುವ ಮನೆ) ಅಂತ ಇದೆಯಾ ಅಂತ ಕೌನ್ಸಿಲ್‌ಗೆ ಕೇಳಿ, ಆಮೇಲೆ ದುಡ್ಡು ಕಟ್ಟಿ.

ಪುಟ್ಟಿ, ಬಿಲ್ಲು ತಪ್ಪಾಗಿದೆ ಅಂತ ಕಟ್ಟದೇ ಕೂರಬೇಡ. ಒಂದು ಕಂತು ತಪ್ಪಿದರೆ ಜ್ಞಾಪನೆ ಪತ್ರ ಬರುತ್ತದೆ, ಏಳು ದಿನ ಟೈಮ್ ಕೊಡುತ್ತಾರೆ. ಅದನ್ನೂ ಬಿಟ್ಟರೆ ಉಳಿದ ವರ್ಷದ್ದೆಲ್ಲಾ ಒಟ್ಟಿಗೇ ಕೇಳುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚು ಬೇರೆ ನಿನ್ನ ತಲೆ ಮೇಲೆ. ಅದಕ್ಕೇ ಮೊದಲ ಕಂತು ಕಟ್ಟಿಬಿಡು, ಜೊತೆಗೇ ತಿದ್ದಲು ಬರೆ. ಜಾಸ್ತಿ ಕಟ್ಟಿದ್ದನ್ನು ಮುಂದಿನ ಕಂತಿಗೆ ಹೊಂದಿಸುತ್ತಾರೆ. ಮುಂದಿನ ಏಪ್ರಿಲ್‌ನಿಂದ ಹತ್ತು ಕಂತಿನ ಬದಲು ಹನ್ನೆರಡು ಕಂತು ಮಾಡಿಕೊಡಿ ಅಂತಲೂ ಕೇಳು, ತಿಂಗಳಿಗೆ ಭಾರ ಕಡಿಮೆ ಆಗುತ್ತದೆ. ಎರಡು ತಿಂಗಳಾದರೂ ಕೌನ್ಸಿಲ್ ಉತ್ತರ ಕೊಡದಿದ್ದರೆ, ಅಥವಾ ಆಗಲ್ಲ ಅಂದರೆ, ಇಂಥ ತಕರಾರು ಕೇಳುವ ವ್ಯಾಲ್ಯುಯೇಷನ್ ಟ್ರಿಬ್ಯೂನಲ್ ಅಂತ ಇದೆ. ಅಲ್ಲಿ ಮೇಲ್ಮನವಿಗೆ ಫೀಸ್ ಇಲ್ಲ. ಅಲ್ಲಿಯವರೆಗೆ ಹೋಗುವ ವಿಷಯ ಇದಲ್ಲ ಅಂತ ನನ್ನ ನಂಬಿಕೆ, ಎರಡು ಕಾಗದ ಸರಿಯಾಗಿ ಕಳಿಸಿದರೆ ಮುಗಿಯುತ್ತದೆ.

ಬಿಲ್ಲಿನ ಅಕೌಂಟ್ ನಂಬರ್ ಕಾಣುವ ಆ ಫೋಟೋ ಗ್ರೂಪಿನಿಂದ ತೆಗೆದುಬಿಡು. ಕೌನ್ಸಿಲ್‌ಗೆ ಬರೆಯುವ ಇ-ಮೇಲ್ ಮೊದಲು ನನಗೆ ಕಳಿಸು, ಶನಿವಾರ ಬೆಳಿಗ್ಗೆ ಫೋನಿನಲ್ಲಿ ಕೂತು ಇಬ್ಬರೂ ನೋಡೋಣ.