ಮಾರ್ಫಾ ಕಡೆಯ ಹಳೇ ಟೋಪೋ ನಕ್ಷೆ ದಕ್ಷಿಣಕ್ಕೆ ಜಾರಿ ಕೂರುತ್ತಿದೆ

ಬಯಲುಹಕ್ಕಿ:
ಪಶ್ಚಿಮ ಟೆಕ್ಸಾಸ್‌ನ ಮಾರ್ಫಾ ಸುತ್ತ ಬರೀ ಒಣ ಹುಲ್ಲುಗಾವಲು, ದನಗಳ ರಾಂಚ್‌ಗಳು. ಅಲ್ಲಿನ 1:24,000 ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸರ್ವೆ) ನಕ್ಷೆಯ ಜೆಪೆಗ್ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಜಿಯೋರೆಫರೆನ್ಸ್ ಮಾಡಿದೆ, ಅಂದರೆ ಚಿತ್ರವನ್ನು ನೆಲದ ಮೇಲಿನ ನಿಜ ಜಾಗಕ್ಕೆ ಹೊಂದಿಸಿದೆ. ಪಾಯಿಂಟ್‌ಗಳಿಗೆ ಅಂಚಿನ ಯುಟಿಎಂ (ಮೀಟರ್ ಲೆಕ್ಕದ ಚೌಕಜಾಲ) ಗೀಟುಗಳ ಅಂಕಿಗಳನ್ನೇ ಕೊಟ್ಟೆ, ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) 32613, ಅಂದರೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84. ಉಪಗ್ರಹ ಚಿತ್ರದ ಮೇಲಿಟ್ಟರೆ ಗಾಳಿಯಂತ್ರ, ನೀರಿನ ತೊಟ್ಟಿ, ರಸ್ತೆ ಎಲ್ಲವೂ ಸುಮಾರು 200 ಮೀಟರ್ ದಕ್ಷಿಣಕ್ಕಿವೆ, ಸ್ವಲ್ಪ ಪೂರ್ವಕ್ಕೂ ವಾಲಿವೆ. ಆರ್‌ಎಂಎಸ್ ಎರರ್ (ಪಾಯಿಂಟ್‌ಗಳ ಸರಾಸರಿ ತಪ್ಪು) ಮಾತ್ರ ತುಂಬಾ ಕಡಿಮೆ. ಪಾಯಿಂಟ್ ಜಾಸ್ತಿ ಹಾಕಬೇಕಾ?

ಗೆರೆಗಾರ:
ಬೇಡ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜಾರಿವೆ ಅಂದರೆ ಅದು ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯುವ ಆಧಾರ ಚೌಕಟ್ಟು) ಸಮಸ್ಯೆ. ನಿಮ್ಮ ಪಾಯಿಂಟ್‌ಗಳು ತಮ್ಮ ತಮ್ಮಲ್ಲಿ ಹೊಂದುತ್ತವೆ ಅಂತಷ್ಟೇ ಆರ್‌ಎಂಎಸ್ ಹೇಳುತ್ತದೆ.

ನಕ್ಷೆಯ ಕೆಳಗಿನ ಎಡಮೂಲೆಯ ಸಣ್ಣಕ್ಷರ ಓದಿ. '1927 ನಾರ್ತ್ ಅಮೆರಿಕನ್ ಡೇಟಮ್' ಅಂತ ಇದ್ದರೆ ಸಿಆರ್‌ಎಸ್ ಆಗಿ 26713 (ಅದೇ ಯುಟಿಎಂ, ಈ ಹಳೇ ಡೇಟಮ್‌ನಲ್ಲಿ) ಕೊಡಿ. ಆ ಡೇಟಮ್ ನಿಂತಿರುವುದು ಕ್ಲಾರ್ಕ್ 1866 ಎಲಿಪ್ಸಾಯ್ಡ್ ಮೇಲೆ. ಭೂಮಿಯ ಆಕಾರವನ್ನೇ ಬೇರೆ ಲೆಕ್ಕ ಹಿಡಿದಿದ್ದರಿಂದ ಯುಟಿಎಂ ಉತ್ತರದ ಅಂಕಿ ಸುಮಾರು 200 ಮೀಟರ್ ಕಡಿಮೆ ಬರುತ್ತದೆ. (ಅದರ ಮೂಲಬಿಂದು ಇರುವುದೂ ಒಂದು ರಾಂಚ್‌ನಲ್ಲೇ: ಕಾನ್ಸಸ್‌ನ ಮೀಡ್ಸ್ ರಾಂಚ್.)

ಅಂದಹಾಗೆ, ಯುಎಸ್‌ಜಿಎಸ್‌ನ ಟೋಪೋವ್ಯೂ ಜಾಲತಾಣದಲ್ಲಿ ಇದೇ ಹಾಳೆಯ ಜಿಯೋಟಿಫ್ (ಜಾಗದ ಮಾಹಿತಿ ಒಳಗೇ ಇರುವ ಚಿತ್ರ) ಸಿಗುತ್ತದೆ. ಜೆಪೆಗ್ ಜೊತೆ ಸುಮ್ನೆ ಯಾಕೆ ಗುದ್ದಾಡ್ತೀರಿ?

ಬಯಲುಹಕ್ಕಿ:
ಕಲಿಯೋಕೆ ಅಂತ, ಸರ್. 26713 ಕೊಟ್ಟ ಮೇಲೆ ದಕ್ಷಿಣದ ಜಾರು ಹೆಚ್ಚುಕಡಿಮೆ ಹೋಯಿತು. ಪೂರ್ವಕ್ಕೆ ಮಾತ್ರ ಇನ್ನೂ 50 ಮೀಟರ್‌ನಷ್ಟು ಉಳಿದಿದೆ.

ಗೆರೆಗಾರ:
ಹಳೇ ಡೇಟಮ್‌ನಿಂದ ಹೊಸದಕ್ಕೆ ಎಲ್ಲಿ ಎಷ್ಟು ಸರಿಸಬೇಕು ಅಂತ ಹೇಳುವ ನಾಡ್‌ಕಾನ್ ಗ್ರಿಡ್ ಕಡತ ನಿಮ್ಮಲ್ಲಿಲ್ಲ ಅನ್ನಿಸುತ್ತೆ. ಅದಿಲ್ಲದಿದ್ದರೆ ಕ್ಯೂಜಿಐಎಸ್ ಎರಡೂ ಡೇಟಮ್‌ಗಳ ಅಕ್ಷಾಂಶ ರೇಖಾಂಶ ಒಂದೇ ಅಂದುಕೊಂಡು 'ಬಾಲ್‌ಪಾರ್ಕ್' (ಒರಟು ಅಂದಾಜಿನ) ಪರಿವರ್ತನೆ ಮಾಡಿಬಿಡುತ್ತದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಟ್ರಾನ್ಸ್‌ಫರ್ಮೇಶನ್ಸ್‌ಗೆ ಹೋಗಿ, 26713ರಿಂದ ನಿಮ್ಮ ಪ್ರಾಜೆಕ್ಟ್ ಸಿಆರ್‌ಎಸ್‌ಗೆ ಹೊಸ ಪರಿವರ್ತನೆ ಸೇರಿಸಿ. ಕಡತವಿಲ್ಲದ ಆಯ್ಕೆಗಳು ಮಂಕಾಗಿ ಕಾಣುತ್ತವೆ. ಅಮೆರಿಕದ ಮುಖ್ಯ ಭೂಭಾಗದ್ದನ್ನು ಇಳಿಸಿಕೊಂಡು ಆರಿಸಿ.

ಬಯಲುಹಕ್ಕಿ:
ಸರಿಹೋಯ್ತು! ರೈಲು ಹಳಿ ಹಳಿಯ ಮೇಲೇ ಕೂತಿದೆ. ನೂರು ವರ್ಷಕ್ಕೂ ಹಳೆಯ 1:125,000 ಹಾಳೆಗೂ ಇದೇ ಸಾಕಲ್ವಾ?

ಗೆರೆಗಾರ:
ಸಾಲದು. ಅದು 1927ಕ್ಕಿಂತ ಹಿಂದಿನದು, ಆ ಡೇಟಮ್ ಆಗ ಹುಟ್ಟಿರಲೇ ಇಲ್ಲ. ಈಗಲೂ ಗುರುತು ಸಿಗುವ ಜಾಗಗಳನ್ನೇ ಪಾಯಿಂಟ್ ಮಾಡಿ: ರೈಲು ಹಳಿಯ ತಿರುವು, ಒಂಟಿ ಗುಡ್ಡದ ತುದಿ. ಗಾಳಿಯಂತ್ರ ನಂಬಬೇಡಿ, ಬಾವಿ ಬತ್ತಿದರೆ ರಾಂಚ್‌ನವರು ಬೇರೆ ಕಡೆ ಕೊರೆಸುತ್ತಾರೆ. ಒಣಹಳ್ಳಗಳೂ ಬೇಡ, ಒಂದು ದೊಡ್ಡ ಮಳೆಗೆ ದಾರಿ ಬದಲಿಸುತ್ತವೆ. ಪಕ್ಕದ ನ್ಯೂ ಮೆಕ್ಸಿಕೋದಲ್ಲಾದರೆ ಸೆಕ್ಷನ್ ಮೂಲೆಗಳು (ಫೆಡರಲ್ ಭೂ ಸರ್ವೆ ಗುರುತಿಸಿದ ಸುಮಾರು ಒಂದು ಮೈಲಿ ಚೌಕಗಳ ಮೂಲೆಗಳು) ಕೈ ಹಿಡಿಯುತ್ತಿದ್ದವು, ಟೆಕ್ಸಾಸ್ ಆ ಫೆಡರಲ್ ಸರ್ವೆಗೆ ಸೇರಲೇ ಇಲ್ಲ. ಆ ಹಾಳೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 125 ಮೀಟರ್. ನೂರಿನ್ನೂರು ಮೀಟರ್ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ.